ಸಹಿ ಹಾಕುವುದಿಲ್ಲ, ಏನೀಗ?

"ಯಾರ್ರೀ ಈ ಚೀಲ ಕತ್ತರಿಸಿದ್ದು?"

ತಪಾಸಣಾ ಕೋಣೆಯ ಬಾಗಿಲು ಗೋಡೆಗೆ ಬಡಿದ ಸದ್ದಿಗೆ, ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದವನು ನಿಧಾನವಾಗಿ ತಲೆಯೆತ್ತಿದ.

"ನಾನೇ."

ಎಷ್ಟು ತಣ್ಣಗೆ ಹೇಳಿದ ನೋಡಿ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಆ ಸರ್ವರ್ ಕಾರ್ಖಾನೆಯ ಖರೀದಿ ಅಧಿಕಾರಿ. ಲೋಕದ ಯಾವ ಮೂಲೆಯಲ್ಲಿ ಯಾವ ಬಿಡಿಭಾಗ ಸಿಗುತ್ತದೆಂದು ಹುಡುಕಿ ತರಿಸುವುದು ಅವಳ ಕೆಲಸ. ಹಿಡಿದರೆ ಬಿಡುವವಳಲ್ಲವೆಂದು ವ್ಯಾಪಾರಿಗಳೆಲ್ಲ ಸೇರಿ ಅವಳಿಗಿಟ್ಟ ಹೆಸರು ಜಿಗಣೆ. ಅದರಿಂದ ಅವಳಿಗೆ ಬೇಸರವೇನಿಲ್ಲ, ಒಳಗೊಳಗೇ ಹೆಮ್ಮೆ.

ಅವನು ಮೂರು ತಿಂಗಳ ಹಿಂದೆ ಸೇರಿದ ತಪಾಸಕ. ಕಾರ್ಖಾನೆಯವರ ಬಾಯಲ್ಲಿ ಭೂತಗನ್ನಡಿ. ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು. ಆದರೆ ಅವನ ಕೈಬರಹ ಅವಳಿಗೆ ಚೆನ್ನಾಗಿ ಗೊತ್ತು. ತಿರಸ್ಕರಿಸಿದ ಮಾಲಿನ ಚೀಟಿಯಲ್ಲಿ "ಹನ್ನೊಂದು ಚಿಪ್‌ಗಳ ಕಾಲು ಬಾಗಿದೆ. ನಿಮ್ಮ ಶ್ರಮ ವ್ಯರ್ಥವಾಯಿತು, ಕ್ಷಮಿಸಿ" ಎಂದು ಬರೆಯುವವನು ಅವನೊಬ್ಬನೇ. ಅಂಥ ಎರಡು ಚೀಟಿ ಅವಳ ಮೇಜಿನ ಖಾನೆಯಲ್ಲಿದ್ದವು. ಯಾಕೆ ಇಟ್ಟುಕೊಂಡಳೋ, ಅವಳನ್ನೇ ಕೇಳಬೇಕು!

"ಈ ಚಿಪ್‌ಗೆ ಕಂಪನಿಯವರು ಹತ್ತು ತಿಂಗಳು ಕಾಯಿರಿ ಅಂದ್ರು. ಹದಿನಾರು ವ್ಯಾಪಾರಿಗಳ ಪ್ರಾಣ ಹಿಂಡಿ ನಾಲ್ಕು ಸಾವಿರ ತರಿಸಿದೀನಿ. ಚೀಲ ಕತ್ತರಿಸಿದ್ರೆ ವಾಪಸ್ ತಗೊಳ್ಳಲ್ಲ ಅಂತ ಕರಾರು! ಒಂದು ಮಾತು ಕೇಳಬಾರದಾ?"

"ಕೇಳಿದ್ರೆ ಬಿಡ್ತಿದ್ರಾ?"

"ಇಲ್ಲ!"

"ಅದಕ್ಕೇ ಕೇಳಲಿಲ್ಲ."

ಅವನು ಹತ್ತಿಕಡ್ಡಿಯನ್ನು ದ್ರಾವಣದಲ್ಲಿ ಅದ್ದಿ ಒಂದು ಚಿಪ್‌ನ ಬೆನ್ನುಜ್ಜಿದ. ಅಕ್ಷರಗಳು ಕರಗಿ ಹತ್ತಿಗೆ ಇಳಿದವು. ಅಡಿಯಲ್ಲಿ ಬೇರೆಯೇ ವರ್ಷದ ಗುರುತು ಮಸುಕಾಗಿ ಕಂಡಿತು. ಗುಜರಿ ಕಂಪ್ಯೂಟರ್‌ಗಳಿಂದ ಕಿತ್ತು, ಉಜ್ಜಿ, ಮೇಲೆ ಹೊಸ ಹೆಸರು ಬರೆದ ಮಾಲು!

"ಹನ್ನೆರಡು ನೋಡಿದೆ. ಹನ್ನೆರಡೂ ಹೀಗೇ," ಎಂದ, ಈಗ ದನಿ ತಗ್ಗಿಸಿ.

ಅವಳು ಅಲ್ಲಿಂದಲೇ ವ್ಯಾಪಾರಿಗೆ ಫೋನ್ ಮಾಡಿದಳು.

"ಅಕ್ಕಾ, ನನ್ನ ಮಕ್ಕಳಾಣೆಗೂ ಒರಿಜಿನಲ್ಲೇ!"

"ನಿನಗಿನ್ನೂ ಮದುವೆನೇ ಆಗಿಲ್ವಲ್ಲೋ!"

ಫೋನ್ ಕಟ್ಟಾಯಿತು. ಭೂತಗನ್ನಡಿ ತುಟಿ ಕಚ್ಚಿ ನಗು ತಡೆದ. ಅಳು ಬರುವ ಹೊತ್ತಿನಲ್ಲಿ ಅವಳಿಗೂ ನಗು ಬಂದುಬಿಟ್ಟಿತು... ಅದಕ್ಕೂ ಅವನ ಮೇಲೇ ಸಿಟ್ಟು!

ಮರುದಿನ ಮ್ಯಾನೇಜರ್ ಕರೆಸಿದರು.

"ಮಾದರಿ ಚಿಪ್ ಹಾಕಿ ಹತ್ತು ಬೋರ್ಡ್ ಓಡಿಸಿ ನೋಡಿದ್ವಿ, ಹತ್ತೂ ಓಡ್ತಿವೆ. ಶುಕ್ರವಾರ ಸರ್ವರ್ ಹೊರಡಬೇಕು. ಅನುಮತಿ ಪತ್ರಕ್ಕೆ ಸಹಿ ಹಾಕಿಬಿಡಿ."

ಅನುಮಾನದ ಮಾಲು ಉಗ್ರಾಣದಿಂದ ಕದಲಬೇಕಾದರೆ ಆ ಪತ್ರದಲ್ಲಿ ಎರಡು ಸಹಿ ಬೇಕು. ಒಂದು ಖರೀದಿಯದು, ಇನ್ನೊಂದು ತಪಾಸಣೆಯದು.

"ಇವತ್ತು ಓಡ್ತವೆ ಸಾರ್. ಆರು ತಿಂಗಳು ಬಿಸಿಯಲ್ಲಿ ಓಡಿದ ಮೇಲೆ? ಇವು ಹೋಗ್ತಿರೋದು ತುರ್ತು ಕರೆ ಕೇಂದ್ರಕ್ಕೆ!"

"ನಿಮ್ಮ ಭೂತಗನ್ನಡಿನೇ ಸಹಿ ಹಾಕಿ ಆಯ್ತು. ನಿಮ್ಮದೇನಮ್ಮ ತಕರಾರು? ಮಾಲು ತಂದವರು ನೀವು. ಶುಕ್ರವಾರ ತಪ್ಪಿದ್ರೆ ನಿಮ್ಮ ಕುರ್ಚಿಗೆ ಬೇರೆಯವರು ಬರ್ತಾರೆ."

ಅವಳ ಎದೆ ಧಸಕ್ಕೆಂದಿತು. ಕುರ್ಚಿಯ ಮಾತಿಗಲ್ಲ...

'ಅವನು ಸಹಿ ಹಾಕಿದನೇ? ಹತ್ತಿಕಡ್ಡಿ ಹಿಡಿದು ನನಗೆ ಪಾಠ ಹೇಳಿದವನು!'

ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತಿಗೆ ಮೆಲ್ಲಗೆ ಹೇಳಿದಳು, "ಸಹಿ ತಾನೇ? ಹಾಕಿ ಕೈ ತೊಳ್ಕೊಬಾರದಾ? ಒಂಬತ್ತು ವರ್ಷದ ಕೆಲಸ ಕಣೇ."

"ಅತ್ತಿಗೆ, ಅಣ್ಣನಿಗೆ ಎದೆ ಹಿಡ್ಕೊಂಡಾಗ ನೀವು ಫೋನ್ ಮಾಡಿದ್ದು ಆ ಕೇಂದ್ರಕ್ಕೇ ಅಲ್ವಾ? ಆವತ್ತು ಆ ಕಡೆ ಯಾರೂ ಎತ್ತದೇ ಇದ್ದಿದ್ರೆ?"

ಎದುರಿಗೆ ಕೂತು ಉಣ್ಣುತ್ತಿದ್ದ ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಅತ್ತಿಗೆ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಎರಡು ದಿನ ಕ್ಯಾಂಟೀನಿನಲ್ಲಿ ಭೂತಗನ್ನಡಿ ಎದುರಾದಾಗಲೆಲ್ಲ ಅವಳು ಮುಖ ತಿರುಗಿಸಿದಳು. ವಿಚಿತ್ರವೆಂದರೆ, ಅವನೂ ತಿರುಗಿಸಿದ!

'ತಪ್ಪು ಮಾಡಿದವನಿಗೆ ಮುನಿಸು ಬೇರೆ!' ಎಂದುಕೊಂಡಳು. ಆದರೂ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಹಾಗೆಂದು ಕೈಕಟ್ಟಿ ಕೂರುವವಳೇ? ಕೊರತೆಯ ಕಾಲದಲ್ಲಿ ಖರೀದಿಯವರೆಲ್ಲ ಒಂದೇ ಮಾಲಿಗೆ ಮೂರು ಕಡೆ ಆರ್ಡರ್ ಹಾಕಿ, ಹೆಚ್ಚಿಗೆ ಬಂದದ್ದನ್ನು ಬಚ್ಚಿಟ್ಟುಕೊಂಡಿರುತ್ತಾರೆ. ತಾನೂ ಅದನ್ನೇ ಮಾಡಿದ್ದವಳು, ಗೊತ್ತಿಲ್ಲವೇ? ಬೇರೆ ಕಾರ್ಖಾನೆಗಳ ಖರೀದಿಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಬೈದಳು, ಬೇಡಿದಳು. ಗುರುವಾರ ಸಂಜೆ ಒಬ್ಬ ಬಾಯಿಬಿಟ್ಟ. ಅಸಲಿ ಚಿಪ್, ಆರುನೂರು; ಈ ಸಲದ ಸರ್ವರ್‌ಗಳಿಗೆ ಅಷ್ಟು ಸಾಕು. ಕೈಸೇರಲು ಹದಿನೇಳು ದಿನ.

ಶುಕ್ರವಾರ ಬೆಳಿಗ್ಗೆ ಅವಳು ನೇರ ಉಗ್ರಾಣಕ್ಕೆ ನಡೆದಳು. ಅವನ ಸಹಿಯನ್ನು ಕಣ್ಣಾರೆ ನೋಡಬೇಕು, ನೋಡಿ ಅವನನ್ನು ಮನಸ್ಸಿನಿಂದ ಹೊರಗೆ ಹಾಕಬೇಕು!

ಅಲ್ಲಿ ಅವನೇ ನಿಂತಿದ್ದ.

"ದೊಡ್ಡಪ್ಪ, ಆ ಪತ್ರ ತೋರಿಸಿ. ಖರೀದಿಯವರ ಸಹಿ ನೋಡಬೇಕು," ಎನ್ನುತ್ತಿದ್ದ ಉಗ್ರಾಣದ ಮುದುಕನಿಗೆ. ಕಾರ್ಖಾನೆಗೆಲ್ಲ ಅವರು ದೊಡ್ಡಪ್ಪನೇ.

"ನನ್ನ ಸಹಿನಾ? ಸಹಿ ಹಾಕಿದ್ದು ನೀವು!"

"ನಾನಾ? ನೀವು ಹಾಕಿ ಆಯ್ತು ಅಂತ ಮ್ಯಾನೇಜರ್ರೇ..."

ದೊಡ್ಡಪ್ಪ ಪತ್ರವನ್ನು ಇಬ್ಬರ ನಡುವೆ ಹರಡಿದರು. ಎರಡು ಜಾಗವೂ ಖಾಲಿ!

"ಜಗತ್ತಿನ ನಕಲಿಯೆಲ್ಲ ಹಿಡೀತೀರಿ, ಕೂಗಳತೆಯಲ್ಲಿರೋ ಸುಳ್ಳು ಹಿಡಿಯೋಕೆ ಮೂರು ದಿನ ಬೇಕಾಯ್ತಾ?" ಎಂದು ಗೊಣಗಿ ಮುದುಕ ಒಳಗೆ ಹೋದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು... ಮೂರು ದಿನದ ಭಾರ ಒಮ್ಮೆಗೇ ಇಳಿಯಿತು.

ಅವಳು ಪೆನ್ನು ತೆಗೆದು ತನ್ನ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದಳು: "ಮಾಲು ನಕಲಿ. ತಂದವಳು ನಾನೇ. ಸಹಿ ಹಾಕುವುದಿಲ್ಲ."

ಅವನು ಪೆನ್ನಿಗೆ ಕೈಚಾಚಿದ. ತನ್ನ ಜಾಗದಲ್ಲಿ ಬರೆದ: "ನಾನೂ."

ಆ ಪತ್ರವನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು ಅವಳು ನೆಟ್ಟಗೆ ನಿಂತಳು, ಪಕ್ಕದಲ್ಲಿ ಅವನು. "ಅಸಲಿ ಆರುನೂರು ಹದಿನೇಳು ದಿನಕ್ಕೆ ಬರ್ತವೆ. ಸರ್ವರ್ ತಡ ಆಗುತ್ತೆ ಅಂತ ಕೇಂದ್ರದವರಿಗೆ ನೀವು ಹೇಳ್ತೀರಾ, ನಾನು ಹೇಳ್ಲಾ?"

"ನಿಮ್ಮನ್ನ ಕೆಲಸದಿಂದ ತೆಗೀತೀನಿ!"

"ತೆಗೀರಿ. ನನ್ನ ಕುರ್ಚಿಗೆ ಯಾರೇ ಬರಲಿ, ಅವರ ಕೈಗೆ ಮೊದಲು ಕೊಡೋದು ಈ ಪತ್ರದ ಪ್ರತಿ!"

ಮ್ಯಾನೇಜರ್ ಇಬ್ಬರನ್ನೂ ದುರುಗುಟ್ಟಿ ನೋಡಿ, ಕೊನೆಗೆ ಫೋನೆತ್ತಿಕೊಂಡರು. "ಸೋಮವಾರ ನಿಮ್ಮಿಬ್ಬರ ವಿಚಾರ ಇತ್ಯರ್ಥ ಮಾಡ್ತೀನಿ. ಈಗ ಹೊರಗೆ ನಡೀರಿ!"

ಕಾರಿಡಾರಿನ ತುದಿಯ ಕಿಟಕಿಯವರೆಗೂ ಅವಳು ದಾಪುಗಾಲಿಟ್ಟು ನಡೆದಳು. ಅವನು ಮೊಣಕೈ ಹಿಡಿದು ನಿಲ್ಲಿಸಿದ, ಬಿಡಲು ಮರೆತ.

"ಒಂದು ಮಾತು," ಎಂದ. "ನೀವು ಸಹಿ ಹಾಕಿದೀರಿ ಅಂದಾಗ ನನಗೆ ಆ ಚಿಪ್‌ಗಳ ಚಿಂತೆ ಬರಲಿಲ್ಲ. ಇವರೂ ಇಷ್ಟೇನಾ ಅಂತ... ಜೀವವೇ ಹಿಂಡಿದ ಹಾಗಾಯ್ತು. ಆಗಲೇ ಗೊತ್ತಾಗಿದ್ದು, ನೀವಂದ್ರೆ ನನಗೆ ಎಷ್ಟಿಷ್ಟ ಅಂತ."

ಅವಳ ಕಣ್ಣು ತುಂಬಿತು. ಆದರೂ ಗದ್ದ ಮೇಲೇ ಇತ್ತು.

"ನನಗೂ ಹಾಗೇ ಆಯ್ತು. ಆದರೆ ಈಗಲೇ ಹೇಳಿಬಿಡ್ತೀನಿ, ನಾನು ಜಗಳಗಂಟಿ."

"ನೋಡಿದೀನಲ್ಲ. ನಾಳೆನೂ ಜಗಳ ಆಡೋಕೆ ಬರ್ತೀರಾ?"

"ಕೆಲಸದಿಂದ ತೆಗೆದ್ರೂ ಬರ್ತೀನಿ!"