ಎಡಗಡೆಯ ಕೆಂಪು ಗೆರೆಗಳು

"ಮಗೂಗೆ ಎಷ್ಟು ತಿಂಗಳು, ಮೇಡಂ?"

ಲೇಸರ್ ಕ್ಲಿನಿಕ್ಕಿನ ನರ್ಸಮ್ಮ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಬಸಿರಿನಲ್ಲಿ ಹೊಟ್ಟೆಯ ಮೇಲೆ ಬಿದ್ದ ಗೆರೆ ಇನ್ನೂ ಕೆಂಪಗಿದ್ದರೆ ಬೇಗ ಮಾಸುತ್ತದೆ. ಹಳತಾಗಿ ಬೆಳ್ಳಗಾದರೆ ಲೇಸರ್ ಜೊತೆ ಸೂಜಿಯ ಚಿಕಿತ್ಸೆಯೂ ಬೇಕು. ಆದರೆ ಮಂಚದ ಮೇಲೆ ಮಲಗಿದ್ದ ಗುಬ್ಬಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು.

"ಮಗು ಉಳೀಲಿಲ್ಲ," ಎಂದಳು.

ಗುಬ್ಬಿ ಅನ್ನುವುದು ಗಂಡ ಇಟ್ಟ ಹೆಸರು. ಅವಳು ಬಸುರಿಯಾಗಿದ್ದಾಗ ಆ ಬಸ್ ಡ್ರೈವರ್ ಮಹಾಶಯ ಇದೇ ಗೆರೆಗಳ ಮೇಲೆ ಬೆರಳಾಡಿಸಿ, "ನೋಡೇ, ನಮ್ ಪುಟ್ಟ ಆಗ್ಲೇ ಹೊಸ ರೂಟ್ ಹಾಕಿದಾನೆ!" ಎಂದು ರೇಗಿಸುತ್ತಿದ್ದ. ಈಗ ಅವಳು ಬಟ್ಟೆ ಬದಲಿಸಲು ನಿಂತರೆ ಸಾಕು, ಲೈಟ್ ಆರಿಸುತ್ತಾನೆ. ಅಸಹ್ಯವೇ ಇರಬೇಕು, ಇನ್ನೇನು? ಮಗು ಹೋಯಿತು, ಗಂಡನೂ ದೂರವಾದರೆ ಯಾವ ಸೌಭಾಗ್ಯಕ್ಕೆ ಬದುಕಬೇಕು! ಅದಕ್ಕೇ ಹೋದ ತಿಂಗಳು ಗುಟ್ಟಾಗಿ ಬಂದು, ಎಡಗಡೆ ಅಂಗೈಯಗಲ ಜಾಗಕ್ಕೆ ಮಾತ್ರ, ಟೆಸ್ಟ್ ಅಂತ, ಲೇಸರ್ ಮಾಡಿಸಿಕೊಂಡಿದ್ದಳು. ಇವತ್ತು ಉಳಿದದ್ದಕ್ಕೆಲ್ಲ.

ಅಷ್ಟರಲ್ಲಿ ಪರದೆ ಸರಿಸಿಕೊಂಡು ಗಂಡನೇ ಬಂದ, ಡ್ಯೂಟಿಯ ಯೂನಿಫಾರಂನಲ್ಲೇ. ಅಪಾಯಿಂಟ್‌ಮೆಂಟ್ ಜ್ಞಾಪಿಸಲು ಕ್ಲಿನಿಕ್ಕಿನವರು ಮಾಡಿದ ಫೋನನ್ನು ಬೆಳಿಗ್ಗೆ ಅವನು ಎತ್ತಿದ್ದ.

"ನಿಲ್ಸಿ! ಏನೇ ಇದೆಲ್ಲ? ಯಾರ್ ಹೇಳಿದ್ರು ನಿಂಗೆ?"

"ನೀವೇ. ಬಾಯ್ಬಿಟ್ಟು ಬೇರೆ ಹೇಳ್ಬೇಕಾ? ನನ್ನ ಕಂಡ್ರೆ ಲೈಟ್ ಆರಿಸ್ತೀರಲ್ಲ."

"ಅಯ್ಯೋ ಹುಚ್ಚಿ!" ಅವನು ಮಂಚದ ಪಕ್ಕ ಕುಸಿದು ಕೂತ. "ಈ ಗೆರೆ ನೋಡಿದ್ರೆ ಅಳು ತಡೆಯಕ್ಕಾಗಲ್ಲ ಕಣೇ. ನಾನೂ ಅತ್ರೆ ನಿನ್ನ ಯಾರು ಸಮಾಧಾನ ಮಾಡ್ತಾರೆ ಅಂತ ಕತ್ಲೆ ಮಾಡ್ಕೋತಿದ್ದೆ. ಪುಟ್ಟಂದು ಒಂದು ಫೋಟೋನಾದ್ರೂ ಇದ್ಯಾ ನಮ್ಹತ್ರ? ಉಳಿದಿರೋದು ಇಷ್ಟೇ ಅಲ್ವಾ?"

ಗುಬ್ಬಿ ಅವನ ಕೊರಳು ತಬ್ಬಿಕೊಂಡು ಬಿಕ್ಕಿದಳು. ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ. ಪಾಪ, ಒಬ್ಬರಿಂದೊಬ್ಬರು ಅಳು ಬಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಪರದೇಶಿಗಳಾಗಿದ್ದರು. ನರ್ಸಮ್ಮ ಮೆಷಿನ್ ಆಫ್ ಮಾಡಿ ಹೊರಗೆ ಹೋದರು.

ಎಷ್ಟೋ ತಿಂಗಳ ಮೇಲೆ ಅವನ ಕೈ ಅವಳ ಹೊಟ್ಟೆ ಮುಟ್ಟಿತು. ಹಳೆಯ ಅಭ್ಯಾಸದಂತೆ ನೇರ ಎಡಗಡೆಗೆ ಹೋಯಿತು. ಅಲ್ಲಿ ಕೆಂಪು ಮಾಸಿ, ಗೆರೆ ಹುಡುಕಿದರೂ ಕಾಣುತ್ತಿರಲಿಲ್ಲ.

"ಇಲ್ಲೇ ಅಲ್ವೇನೇ ಅವ್ನು ಒದೀತಿದ್ದದ್ದು?"

"ಹೂಂ ರೀ," ಎಂದಳು. "ಟೆಸ್ಟಿಗೆ ಅಂತ ಅದನ್ನೇ ಕೊಟ್ಬಿಟ್ಟೆ."

ಅವನು ಕೈ ತೆಗೆಯಲಿಲ್ಲ.