ಶುಕ್ರವಾರ ಕಡಲಿಗೆ ಬಂದ ಬಲೆ

ಮೊದಲನೇ ಗುಂಡು ಜೀಪಿನ ಹಿಂದಿನ ಗಾಜಿಗೆ ಬಿತ್ತು. ಎರಡನೆಯದಕ್ಕೆ ನಾನು ಕಾಯಲಿಲ್ಲ.

"ತಲೆ ಬಗ್ಗಿಸಕ್ಕಾ!"

ಸಲ್ಬಿಯಾ ಬಗ್ಗಿಸಲಿಲ್ಲ. ಅಚೆಹ್ ಬೇರೆ ದೇಶ ಆಗಬೇಕು ಅಂತ ಕಾಡು ಸೇರಿ, ಜಕಾರ್ತಾದ ಸೈನ್ಯಕ್ಕೇ ಬಗ್ಗದವಳು!

ಬೆನ್ನಟ್ಟಿದವನು ರಜಾಲಿ. ಕಾಡಲ್ಲಿ ನಮ್ಮಿಬ್ಬರ ಕಮಾಂಡರ್. ಸಂಧಾನ ಆಯ್ತು, ಬಂದೂಕು ಹೋಯ್ತು, ಪಾರ್ಟಿ ಬಂತು. ಅವನದೊಂದೇ ಪಾರ್ಟಿ ಇರಬೇಕಂತೆ. ಸಲ್ಬಿಯಾ ಇನ್ನೊಂದು ಕಟ್ಟಿ ಚುನಾವಣೆಗೆ ನಿಂತಳು. ನಮ್ಮಲ್ಲಿ ಅಭ್ಯರ್ಥಿ ಕುರಾನ್ ಓದಿ ತೋರಿಸಬೇಕು. ಇವತ್ತೇ ಕೊನೆ. ಮಧ್ಯಾಹ್ನದ ನಮಾಜಿಗೆ ಮುಂಚೆ ಪಟ್ಟಣ ಮುಟ್ಟದಿದ್ದರೆ ಹೆಸರು ಹೊಡೆದುಹಾಕ್ತಾರೆ.

ಮುಟ್ಟಿಸೋದು ನನ್ನ ಕೆಲಸ.

ಸೇತುವೆಗೆ ಮರ ಅಡ್ಡ ಹಾಕಿದ್ದರು. ಸ್ಟಿಯರಿಂಗ್ ತಿರುಗಿಸಿದೆ. ತೆಂಗಿನ ತೋಟ... ಮರಳು... ಬಂದರು.

ದಡದ ತುಂಬ ದೋಣಿ, ಕಡಲಲ್ಲಿ ಒಂದೂ ಇಲ್ಲ. ಶುಕ್ರವಾರ ನಮ್ಮ ಕಡಲಿಗೆ ರಜೆ. ಆ ಕಟ್ಟಳೆ ಕಾಯೋ ಕಡಲ ಯಜಮಾನ, ಬಂತಾ ಅನ್ನೋ ಅಜ್ಜ, ಬೆಸ್ತರ ಜೊತೆ ಕಟ್ಟೆ ಮೇಲೆ ಕಾಫಿ ಕುಡೀತಿದ್ದ.

"ಅಜ್ಜ, ಒಂದು ದೋಣಿ ಬೇಕು."

"ಇವತ್ತು ಯಾವ ವಾರ ಅಂತ ಜ್ಞಾನ ಇದೆಯೇನೋ?"

"ಮೀನಿಗಲ್ಲ. ಇವಳನ್ನ ಪಟ್ಟಣಕ್ಕೆ ದಾಟಿಸೋಕೆ."

"ಹಾಗಾದ್ರೆ ಬಲೆ ದಡಕ್ಕೆ ಹಾಕಿ ಹೋಗು. ಬಲೆ ಹೊತ್ತು ಇಳಿದರೆ ನನ್ನ ಮಗನನ್ನೂ ಬಿಡಲ್ಲ."

ಬಲೆ ಎಳೆದು ಬಿಸಾಕಿದೆ. ಎಂಜಿನ್ ಕೆಮ್ಮಿತು... ಹತ್ತಿತು.

ರಜಾಲಿ ಬಂದ. ಬೆಟ್ಟದವನು. ಕೈಗೆ ಸಿಕ್ಕ ದೋಣಿ ಹತ್ತಿದ. ಅವನದು ದೊಡ್ಡ ಎಂಜಿನ್. ನೋಡ್ತಾ ನೋಡ್ತಾ ಪಕ್ಕಕ್ಕೇ ಬಂದುಬಿಟ್ಟ.

"ಅವಳನ್ನ ಇಳಿಸೋ ಸಯೂತಿ. ಹೋರಾಟ ಒಂದೇ, ಪಾರ್ಟಿನೂ ಒಂದೇ."

ಸಲ್ಬಿಯಾ ಎದ್ದು ನಿಂತಳು.

"ದೇಶ ಒಂದೇ ಅಂತ ಜಕಾರ್ತಾನೂ ಹೇಳ್ತಿತ್ತಣ್ಣ. ಆಗ ನನ್ನ ಕೈಗೆ ಬಂದೂಕು ಕೊಟ್ಟವನು ನೀನೇ."

ರಜಾಲಿ ಪಿಸ್ತೂಲು ಎತ್ತಿದ.

ಅಷ್ಟರಲ್ಲಿ ಸುತ್ತ ಎಂಜಿನ್ ಸದ್ದು! ಬಂದರಿನ ದೋಣಿಗಳೆಲ್ಲ ನಮ್ಮನ್ನು ಮುತ್ತಿದ್ದವು. ಒಂದರಲ್ಲೂ ಬಲೆ ಇಲ್ಲ. ಮುಂದೆ ಬಂತಾ ಅಜ್ಜ.

"ಶುಕ್ರವಾರ ಬಲೆ ಹೊತ್ತು ಎಲ್ಲಿಗಪ್ಪಾ ಸವಾರಿ?"

ರಜಾಲಿ ಕೆಳಗೆ ನೋಡಿದ. ಮೊಣಕಾಲಿನವರೆಗೆ ಬಲೆ.

"ಇದು ಪಾರ್ಟಿ ವಿಷಯ ಅಜ್ಜ. ನೀನು ಸುಮ್ನಿರು."

"ಇದು ಕಡಲು. ದೋಣಿ ಜಪ್ತಿ, ಜೊತೆಗೆ ನೀನೂ. ಗುಂಡು ಹೊಡೀತೀಯಾ? ಹೊಡಿ. ನಿನಗೆ ಓಟು ಹಾಕಬೇಕಾದವರು ಇವರೇ."

ಪಿಸ್ತೂಲು ಮೆಲ್ಲಗೆ ಕೆಳಗಿಳಿಯಿತು.

ನಮಾಜಿಗೆ ಮುಂಚೆ ಪಟ್ಟಣ ಮುಟ್ಟಿಸಿದೆ. ಸಲ್ಬಿಯಾ ಒದ್ದೆ ಬಟ್ಟೆಯಲ್ಲೇ ಕೂತು ಕುರಾನ್ ಓದಿದಳು. ಒಂದಕ್ಷರ ತಪ್ಪಲಿಲ್ಲ. ಪಾಸು.

ಮಾರನೇ ದಿನ ಬಂದರಿಗೆ ಹೋದೆ. ರಜಾಲಿ ಅಜ್ಜನ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಕ್ಷಮೆ ಕೇಳೋಕೆ ಅಂದುಕೊಂಡ್ರಾ ಸ್ವಾಮಿ?

ಓಟು ಕೇಳೋಕೆ.