ಧಡಾರ್ ಅಂತ ಬರೆಯಲಾರೆ

"ಥೂ... ಇದನ್ನ ಬರೆದವರು ಮನುಷ್ಯರೇನಾ?"

ಶ್ರೀಗೌರಿ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಎಸೆದಳು. ಎದುರಿಗೆ ನಿಂತಿದ್ದ ಯುವಕ ಒಮ್ಮೆ ಹಾಳೆಯನ್ನು, ಒಮ್ಮೆ ಅವಳನ್ನು ನೋಡಿದ.

"ಬರೆದವನು ನಾನೇ ಮೇಡಂ," ಎಂದ ಮೆಲ್ಲಗೆ.

ಅದು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಸುಷ್ಮಾಳ ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಪಕ್ಷದವರ ಕರಪತ್ರ, ಎಲ್ಲಕ್ಕೂ ತಪ್ಪಿಲ್ಲದೆ ಕನ್ನಡ ಅಕ್ಷರ ಕೂರಿಸುವವಳು ಶ್ರೀಗೌರಿ. ಆದರೆ ಇಂಥ ಕೆಲಸ ಅವಳ ಕೈಗೆ ಬಂದದ್ದು ಇದೇ ಮೊದಲು. ಭದ್ರಾವತಿಯ ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು ಶಿವಯೋಗಿ, ಜಪಾನಿನವರ ಮಂಗಾ ಶೈಲಿಯಲ್ಲಿ ತಾನೇ ಬರೆದ ಹಾಸ್ಯದ ಚಿತ್ರಕಥೆಯನ್ನು ಹೊತ್ತು ತಂದಿದ್ದ. ಹೆಸರು 'ಅನ್ಯಲೋಕದಲ್ಲೊಂದು ಲಾರಿ'. ಆ್ಯಪ್‌ನಲ್ಲಿ ಧಾರಾವಾಹಿಯಾಗಿ ಹಾಕಲು, ಪಾತ್ರಗಳ ಮಾತನ್ನು ಬಲೂನುಗಳೊಳಗೆ ಟೈಪ್ ಮಾಡಿಕೊಡಬೇಕಿತ್ತು.

ಮೊದಲ ಪುಟದಲ್ಲೇ ಲಾರಿಯೊಂದು ದಾರಿಹೋಕನಿಗೆ ಗುದ್ದುತ್ತದೆ. ಅವನು ಗಾಳಿಯಲ್ಲಿ ಮೂರು ಸುತ್ತು ತಿರುಗುತ್ತಾನೆ. ಚಪ್ಪಲಿ ಒಂದು ಕಡೆ, ಲುಂಗಿ ಒಂದು ಕಡೆ. ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ಧಡಾರ್!' ಎಂದು ಬರೆಯಬೇಕಂತೆ. ಅದರ ಕೆಳಗೆ, 'ಪರಲೋಕಕ್ಕೆ ಹೋಗೋರು ಬೇಗ ಹತ್ತಿ!'

"ಇಂಥ ಕಥೆಗಳೆಲ್ಲ ಹೀಗೇ ಶುರುವಾಗೋದು ಮೇಡಂ. ಲಾರಿ ಗುದ್ದುತ್ತೆ, ಬೇರೆ ಲೋಕದಲ್ಲಿ ಎಚ್ಚರ ಆಗುತ್ತೆ. ನನ್ನ ಕಥೇಲಿ ಲಾರಿ, ಡ್ರೈವರ್ ಕೂಡ ಆ ಲೋಕಕ್ಕೆ ಹೋಗ್ತಾರೆ. ಓದೋರಿಗೆ ಗೊತ್ತಿರುತ್ತೆ, ಅದು ತಮಾಷೆ ಅಂತ."

"ಲಾರಿ ಗುದ್ದಿದ್ರೆ ಧಡಾರ್ ಅನ್ನಲ್ಲ."

"ಮತ್ತೆ ಏನನ್ನುತ್ತೆ?"

ಪಾಪ, ಅವನು ಕೇಳಿದ್ದು ಕೆಲಸದ ಪ್ರಶ್ನೆಯನ್ನೇ. ಆದರೆ ಶ್ರೀಗೌರಿ ಅಂಗಡಿಯ ಹಿಂದಿನ ಬಚ್ಚಲಿಗೆ ಓಡಿ, ಬೆಳಗ್ಗೆ ತಿಂದಿದ್ದನ್ನೆಲ್ಲ ವಾಂತಿ ಮಾಡಿದಳು.

ಎರಡು ವರ್ಷದ ಹಿಂದೆ ಅವಳ ಅಣ್ಣ ಪರಮೇಶ್ ಆಯನೂರಿನ ಹತ್ತಿರ ರಸ್ತೆ ಬದಿಯಲ್ಲಿ ನಡೆಯುತ್ತ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. "ಅಮ್ಮಂಗೆ ಏನ್ ತರ್ಲಿ?" ಎಂದವನ ಮಾತು ಅಲ್ಲಿಗೇ ನಿಂತಿತ್ತು. ಅವಳಿಗೆ ಕೇಳಿಸಿದ್ದು ಅಕ್ಕಿ ಮೂಟೆ ಕೆಳಗಿಟ್ಟಂಥ ಸಣ್ಣ ಸದ್ದು, ಆಮೇಲೆ ದೂರವಾದ ಎಂಜಿನ್ ಸದ್ದು. ಲಾರಿ ನಿಲ್ಲಲಿಲ್ಲ. ಯಾವ ಲಾರಿ ಎಂದು ಇವತ್ತಿಗೂ ಗೊತ್ತಾಗಿಲ್ಲ.

ಅಂದಿನಿಂದ ಅವಳು ನಕ್ಕಿಲ್ಲ. ವ್ರತವೇನಲ್ಲ... ನಗು ಬಾಯಿಗೆ ಬಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ಬೇಡ ಅಂದ್ರೆ ವಾಪಸ್ ಕಳಿಸ್ತೀನಿ ಮಾರಾಯ್ತಿ, ನೀ ಯಾಕೆ ಕಷ್ಟಪಡ್ತೀಯ?" ಎಂದಳು ಸುಷ್ಮಾ, ಅವನು ಹೋದ ಮೇಲೆ.

"ಇರ್ಲಿ ಅಕ್ಕಾ. ಎಷ್ಟು ಹೊಲಸಾಗಿದೆ ಅಂತ ಪೂರ್ತಿ ಓದೇ ಹೇಳ್ತೀನಿ."

ಹಠ ಅಂದರೆ ಹಠ! ಭಾನುವಾರ ಮಧ್ಯಾಹ್ನ ವಿದ್ಯಾನಗರದ ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತಳು. ರಾಜಕುಮಾರಿ ಕೊಳದಲ್ಲಿ ಸ್ನಾನ ಮಾಡುವುದು, ಲಾರಿ ಡ್ರೈವರ್ ಕಾಲು ಜಾರಿ ಸರಿಯಾಗಿ ಅಲ್ಲಿಗೇ ಬೀಳುವುದು. ಒಂದು ಸಲವಲ್ಲ, ಮೂರು ಸಲ. ಛೀ. ಒಬ್ಬ ದಪ್ಪ ಹೆಂಗಸು, ಅವಳಿಗೆ ಕಥೆಯಲ್ಲಿ ನಗೆಪಾಟಲಾಗುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಮಂತ್ರವಾದಿ ಬಾಯಿ ತೆಗೆದರೆ ಬರೀ ಕಕ್ಕಸಿನ ಮಾತು. ಡ್ರೈವರ್ ಬೆರಳು ಅಲ್ಲಾಡಿಸದೆಯೇ ಎಲ್ಲ ರಾಕ್ಷಸರೂ ಸೋಲುತ್ತಾರೆ. ಓದುತ್ತ ಓದುತ್ತ ಅವಳ ಪೆನ್ನಿನ ಶಾಯಿ ಖಾಲಿಯಾಗುತ್ತ ಬಂತು.

ನಲವತ್ತನೇ ಪುಟಕ್ಕೆ ಬಂದಳು. ಲಾರಿಯ ಹಿಂದೆ ಬರೆದಿದ್ದ 'ಅಂತರವಿರಲಿ' ಎಂಬ ಮಾತನ್ನು ಆ ಲೋಕದವರು ದೇವರ ಅಪ್ಪಣೆ ಎಂದುಕೊಂಡುಬಿಟ್ಟಿದ್ದಾರೆ. ರಾಜ ರಾಣಿಯಿಂದ ಹತ್ತು ಮಾರು ದೂರ ಕೂರುತ್ತಾನೆ. ಪಿತೂರಿ ಮಾಡುವ ಮಂತ್ರಿಗಳಿಬ್ಬರು ಹತ್ತು ಮಾರು ದೂರ ನಿಂತು, ಊರಿಗೆಲ್ಲ ಕೇಳುವಂತೆ ಗುಟ್ಟು ಕೂಗಿ ಹೇಳುತ್ತಿದ್ದಾರೆ. ಯುದ್ಧಕ್ಕೆ ಬಂದ ರಾಕ್ಷಸರೂ ಹತ್ತು ಮಾರು ದೂರದಲ್ಲಿ ಸಾಲಾಗಿ ನಿಂತು, "ಇಲ್ಲಿಂದ್ಲೇ ಹೊಡೀಬೇಕಾ ಸ್ವಾಮಿ?" ಎಂದು ಕೇಳುತ್ತಿದ್ದಾರೆ.

ಶ್ರೀಗೌರಿ ಗೊಳ್ಳೆಂದು ನಕ್ಕಳು.

ಅಡುಗೆಮನೆಯಿಂದ ಅಮ್ಮ ಪದ್ಮಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು. ಮಗಳ ಮುಖ ನೋಡಿ ಬಾಗಿಲಲ್ಲೇ ನಿಂತರು. ಅವರ ಕಣ್ಣಲ್ಲಿ ನೀರು.

"ನೀನೇನಾ ನಕ್ಕಿದ್ದು? ಇನ್ನೊಂದ್ಸಲ ನಗೇ..."

ಅವಳಿಗೆ ನಗಲಾಗಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. 'ಲಾರಿ ನೋಡಿ ನಕ್ಕೆನಲ್ಲ... ಅಣ್ಣನನ್ನು ತಿಂದ ಲಾರಿ. ನನಗಿಂತ ಹೊಲಸು ಯಾರಿದ್ದಾರೆ?'

ಶನಿವಾರ ಶಿವಯೋಗಿ ಬಂದ.

"ಹೇಗಿದೆ ಮೇಡಂ?"

"ಅರ್ಧ ಹೊಲಸು."

"ಇನ್ನರ್ಧ?"

"ಚೆನ್ನಾಗಿದೆ. ಅದಕ್ಕೇ ಕೋಪ ಜಾಸ್ತಿ. ಇಷ್ಟು ತಲೆ ಇರೋರು ಕೊಳದ ಹತ್ರ ಯಾಕೆ ಹೋಗಿ ನಿಂತ್ಕೋತೀರಿ?"

"ಎಲ್ಲರೂ ಹಾಕ್ತಾರೆ ಅಂತ..."

"ಎಲ್ಲರೂ ಬೀದೀಲಿ ಉಗೀತಾರೆ. ನೀವೂ ಉಗೀತೀರಾ?"

ಅವನು ವಾದಿಸಲಿಲ್ಲ. ಕಿವಿ ಕೆಂಪಾಯಿತು, ಅಷ್ಟೇ. ಮುಂದಿನ ಶನಿವಾರ ಬಂದಾಗ ಕೊಳ ಮಾಯವಾಗಿತ್ತು. ದಪ್ಪ ಹೆಂಗಸು ಲಾರಿಯ ಮೆಕ್ಯಾನಿಕ್ ಆಗಿ, ರಾಜನಿಗೇ ಬಯ್ಯುತ್ತಿದ್ದಳು. ತಪ್ಪು ತೋರಿಸಿದರೆ ಮುಖ ಊದಿಸಿಕೊಳ್ಳದ ಗಂಡಸರನ್ನು ಶ್ರೀಗೌರಿ ನೋಡಿದ್ದು ಕಡಿಮೆ. ಹೀಗೆ ಆರು ಶನಿವಾರ ಕಳೆದವು. ಆರನೆಯ ಶನಿವಾರ ಅವನು ಬರುವುದು ಒಂದು ಗಂಟೆ ತಡವಾದಾಗ, ಅವಳು ಹನ್ನೊಂದು ಸಲ ಬಾಗಿಲು ನೋಡಿದಳು. ಸುಷ್ಮಾ ಎಣಿಸಿಯೇ ಹೇಳಿದಳು.

'ಲಾರಿ ಬರೆಯುವವನ ಮೇಲೆ ಮನಸ್ಸಾಯಿತೇ? ನಾಚಿಕೆಗೆಟ್ಟವಳು ನೀನು...' ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದರೆ ಮನಸ್ಸು ಕೇಳಬೇಕಲ್ಲ!

ಏಳನೆಯ ಶನಿವಾರ ಶಿವಯೋಗಿ ಕೇಳಿದ. "ಇಲ್ಲೀವರೆಗೆ ಕೊಟ್ಟಿದ್ದೆಲ್ಲಾ ಟೈಪ್ ಆಗಿದೆ. ಮೊದಲ ಪುಟ ಮಾತ್ರ ಹಾಗೇ ಬಿಟ್ಟಿದ್ದೀರಲ್ಲ?"

ಅವಳು ಹೇಳಿದಳು. ಫೋನು, ಅಣ್ಣನ ಮಾತು, ಆ ಸಣ್ಣ ಸದ್ದು, ನಿಲ್ಲದ ಲಾರಿ. ಅಮ್ಮನ ಹತ್ತಿರವೂ ಹೇಳದಿದ್ದದ್ದನ್ನು ಅವನ ಹತ್ತಿರ ಹೇಳಿದಳು.

ಅವನ ಮುಖ ಬಿಳುಚಿಕೊಂಡಿತು. "ಶ್ರೀಗೌರಿ... ನಿಮ್ಮಿಂದ ಮುಚ್ಚಿಡಬಾರದು. ನಮ್ಮಪ್ಪ ಲಾರಿ ಡ್ರೈವರ್. ಹತ್ತು ವರ್ಷದ ಹಿಂದೆ ಒಬ್ರಿಗೆ ಗುದ್ದಿ, ಅವ್ರು ತೀರ್ಕೊಂಡ್ರು. ಅದಕ್ಕೇ ನಾನು ಈ ಕಥೆ..."

"ಅದಕ್ಕೇ ಕಾಮಿಡಿ ಬರೆದ್ರಾ?" ಅವಳು ಎದ್ದು ನಿಂತಳು. "ನಿಮ್ಮಪ್ಪ ಕೊಂದ್ರು, ನೀವು ನಗಿಸ್ತಿದ್ದೀರಿ. ನಾನೂ ನಕ್ಕೆ. ಅಸಹ್ಯ... ಹೋಗಿ. ಇನ್ನು ಮುಖ ತೋರಿಸ್ಬೇಡಿ."

ಅವನು ಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಬಂದದ್ದು ಒಂದು ಲಕೋಟೆ, ಅದರಲ್ಲಿ ಅವನು ಈವರೆಗೆ ಕೊಡದಿದ್ದ ಕಥೆಯ ಕೊನೆಯ ಭಾಗ. ವಾಪಸ್ ಕಳಿಸಬೇಕೆಂದೇ ಎತ್ತಿಕೊಂಡವಳು, ಒಂದು ಪುಟ ನೋಡಿ ಕೂತುಬಿಟ್ಟಳು.

ಆ ಡ್ರೈವರ್ ಅನ್ಯಲೋಕವನ್ನೆಲ್ಲ ಸುತ್ತಿದ್ದು ರಾಜ್ಯಕ್ಕಲ್ಲ, ರಾಜಕುಮಾರಿಗಲ್ಲ. ತಾನು ಗುದ್ದಿದ ಆ ದಾರಿಹೋಕನನ್ನು ಹುಡುಕಲಿಕ್ಕೆ. ಕೊನೆಗೆ ಬೆಟ್ಟದ ಮೇಲೆ ಅವನು ಸಿಗುತ್ತಾನೆ. ಡ್ರೈವರ್ ಕೈಮುಗಿಯುತ್ತಾನೆ. 'ನಾನು ಓಡಿ ಹೋಗ್ಲಿಲ್ಲ ಅಣ್ಣ. ನಿಮ್ಮನ್ನ ಎತ್ಕೊಂಡು ಆಸ್ಪತ್ರೆಗೆ ಹೋದೆ. ತಡ ಆಗಿತ್ತು.'

ಮುಂದಿನ ಚಿತ್ರದಲ್ಲಿ ದಾರಿಹೋಕನ ಬಾಯಿ ತೆರೆದಿದೆ. ಬಲೂನು ಖಾಲಿ. ಪಕ್ಕದಲ್ಲಿ ಶಿವಯೋಗಿಯ ಪೆನ್ಸಿಲ್ ಅಕ್ಷರ: 'ಇಲ್ಲಿ ಇವರು ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಹತ್ತು ವರ್ಷದಿಂದ ತಿಳಿದಿಲ್ಲ.'

ಶ್ರೀಗೌರಿ ಅವನ ವಿಳಾಸವಿದ್ದ ಆ ಲಕೋಟೆ ಎತ್ತಿಕೊಂಡು ಭದ್ರಾವತಿ ಬಸ್ಸು ಹತ್ತಿದಳು.

ಪೇಪರ್ ಟೌನ್‌ನ ಹಳೇ ಮನೆ. ಜಗುಲಿಯಲ್ಲಿ ಶಿವಯೋಗಿಯ ತಂದೆ ಮುರುಗೇಶಪ್ಪ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಅವರ ಎಡಗೈ ಮಡಚುತ್ತಿರಲಿಲ್ಲ.

"ಯಾರಮ್ಮ?"

"ಶಿವಯೋಗಿಯವರ ಕಥೆಗೆ ಅಕ್ಷರ ಹಾಕೋಳು."

"ಓ, ಬಯ್ಯೋ ಹುಡುಗಿ. ಬಾರಮ್ಮ, ಕೂತ್ಕೋ."

ಅವಳು ಕೂರಲಿಲ್ಲ. "ಅವತ್ತು ನೀವು ಯಾಕೆ ಓಡಿ ಹೋಗ್ಲಿಲ್ಲ?"

ಮುರುಗೇಶಪ್ಪ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟರು. "ಓಡು ಅಂತ ಕಾಲು ಹೇಳ್ತಮ್ಮ. ಆದ್ರೆ ಆ ಮನುಷ್ಯ ನನ್ನ ಕೈ ಹಿಡ್ಕೊಂಡಿದ್ದ. ಬಿಡಿಸ್ಕೊಂಡು ಹೋಗೋದು ಹೇಗೆ? ಜನ ಬಂದು ಹೊಡೆದ್ರು, ಈ ಕೈ ಹೋಯ್ತು. ಕೋರ್ಟು, ಜೈಲು, ಎಲ್ಲಾ ಆಯ್ತು. ಮನೆಗೆ ಬಂದ್ಮೇಲೆ ಅನ್ನ ಸೇರ್ತಿರ್ಲಿಲ್ಲ, ನನ್ನ ಮೈ ನಂಗೇ ಹೇಸಿಗೆ. ಇವ್ನು ಲಾರಿ ಚಿತ್ರ ಬರ್ದು ಬರ್ದು ತೋರಿಸ್ದ. ಒಂದಿನ ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ರಾತ್ರಿಯೆಲ್ಲಾ ಅತ್ತೆ."

ಆ ಹೇಸಿಗೆ ಎಂಥದೆಂದು ಶ್ರೀಗೌರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅವಳು ಅಲ್ಲೇ ಜಗುಲಿಯ ಮೇಲೆ ಕೂತಳು. ಮಾತು ಕೇಳಿ ಒಳಗಿನಿಂದ ಬಂದ ಶಿವಯೋಗಿ ಬಾಗಿಲಲ್ಲೇ ನಿಂತ.

"ಒಂದು ಪೆನ್ನು ಕೊಡಿ," ಎಂದಳು.

ಖಾಲಿ ಬಲೂನಿನೊಳಗೆ ತನ್ನ ಕೈಬರಹದಲ್ಲೇ ಬರೆದು, ಹಾಳೆಯನ್ನು ಮುರುಗೇಶಪ್ಪನವರ ಕೈಗಿಟ್ಟಳು. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

'ನೀನು ನಿಂತ್ಯಲ್ಲ ಮಾರಾಯ. ನಾನು ಒಬ್ಬನೇ ಸಾಯ್ಲಿಲ್ಲ.'

ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು.

"ನಮ್ಮಣ್ಣ ಒಬ್ಬನೇ ಸತ್ತ," ಎಂದಳು ಶ್ರೀಗೌರಿ. ಆಮೇಲೆ ಅತ್ತಳು. ಶಿವಯೋಗಿ ಅವಳ ಅಳು ನಿಲ್ಲುವವರೆಗೂ ಅಲ್ಲೇ ಇದ್ದ.

"ನನ್ನ ಕಂಡ್ರೆ ಇನ್ನೂ ಅಸಹ್ಯನಾ?" ಎಂದು ಕೇಳಿದ ಕೊನೆಗೆ.

"ನಿಮ್ಮನ್ನ ಇಷ್ಟಪಟ್ಟಿದ್ದಕ್ಕೆ ನನ್ನ ಮೇಲೇ ಅಸಹ್ಯಪಟ್ಕೊಂಡಿದ್ದೆ. ಇನ್ನು ಸಾಕು. ನಂಗೆ ನೀವು ಇಷ್ಟ, ಶಿವಯೋಗಿ."

ಅವನ ಕಿವಿ ಮತ್ತೆ ಕೆಂಪಾಯಿತು.

"ನಂಗೂ... ಮೊದಲ ಶನಿವಾರ ಬೈಸಿಕೊಂಡಾಗಿಂದ. ಅಪ್ಪನ್ನ ಕರ್ಕೊಂಡು ನಿಮ್ಮಮ್ಮನ್ನ ನೋಡೋಕೆ ಬರ್ಲಾ?"

ಶ್ರೀಗೌರಿ ಕಣ್ಣೊರೆಸಿಕೊಂಡಳು. "ಬನ್ನಿ. ಆದ್ರೆ ಅಮ್ಮಂಗೆ ಎಲ್ಲಾ ಹೇಳ್ಬೇಕು. ಅಳ್ತಾಳೆ. ಗಾಬರಿ ಆಗ್ಬೇಡಿ."

"ನೀವು?"

"ನಾನೂ ಅಳ್ತೀನಿ. ಪಕ್ಕದಲ್ಲಿ ಕೂತ್ಕೊಳ್ಳಿ."